ತಮ್ಮ ಬರಲು ಒಪ್ಪುತ್ತಿಲ್ಲವೇ? ಮೊದಲು ನೀವು ಬನ್ನಿ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ. ಆಮೇಲೆ ಕೆಲಸ ಹೋಯಿತು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದು ಒಂದೂವರೆ ವರ್ಷವಾಯಿತು. ಮಹಡಿ ಮೇಲಿನ ಕೋಣೆ ಬಿಟ್ಟು ಇಳಿಯುವುದಿಲ್ಲ. ರಾತ್ರಿ ಮೂರರ ತನಕ ಮೊಬೈಲ್, ಏಳುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಪ್ಪನ ಜೊತೆ ಮಾತೇ ಇಲ್ಲ. ಕೇಳಿದರೆ "ನಂಗೇನೂ ಆಗಿಲ್ಲ, ಸುಮ್ನೆ ಬಿಡಿ" ಅಂತಾನೆ. ಕೌನ್ಸೆಲಿಂಗ್ ಅಂದರೆ ಅಪ್ಪನಿಗೆ ಸಿಟ್ಟು. "ಅವನಿಗೇನು ಹುಚ್ಚಾ? ನಾಲ್ಕು ದಿನ ತೋಟಕ್ಕಿಳಿದರೆ ಎಲ್ಲ ಸರಿಹೋಗುತ್ತೆ" ಅಂತಾರೆ. ಅಮ್ಮ ಇಬ್ಬರ ನಡುವೆ ಸೊರಗಿಹೋಗಿದ್ದಾಳೆ. ನಾನು ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ. ಅವನನ್ನು ಚಿಕಿತ್ಸೆಗೆ ಒಪ್ಪಿಸುವುದು ಹೇಗೆ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥ ಪತ್ರ ಬರೆಯುವವರು ಹೆಚ್ಚಾಗಿ ಅಕ್ಕಂದಿರು, ಇಲ್ಲ ಅಮ್ಮಂದಿರು. ಮನೆಯ ಗಂಡಸರು ಬರೆಯುವುದು ತೀರಾ ಅಪರೂಪ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಪ್ರಶ್ನೆ. ತಮ್ಮ ಒಪ್ಪಲಿ ಅಂತ ಕಾಯಬೇಡಿ. ನೀವು ಬನ್ನಿ. ಸಾಧ್ಯವಾದರೆ ಅಮ್ಮನನ್ನೂ ಕರೆತನ್ನಿ. ಯಾರಿಗೆ ತೊಂದರೆ ಇದೆಯೋ ಅವರೇ ಬಂದು ಎದುರು ಕೂರಬೇಕು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಜ್ವರಕ್ಕೆ ಆ ಮಾತು ಸರಿ. ಮನೆಯೇ ಒಂದು ಕಡೆ ಸಿಕ್ಕಿಹಾಕಿಕೊಂಡು ನಿಂತಾಗ, ಮನೆಯ ಯಾರು ಬಂದರೂ ಕೆಲಸ ಶುರುವಾಗುತ್ತದೆ. ನನ್ನ ಅನುಭವದಲ್ಲಿ, ಕೊನೆಗೆ ಚೆನ್ನಾಗಿ ಚೇತರಿಸಿಕೊಂಡ ಎಷ್ಟೋ ಹುಡುಗರು ಮೊದಲ ಮೂರ್ನಾಲ್ಕು ಭೇಟಿಗೆ ಬಂದೇ ಇರಲಿಲ್ಲ.

ಅದಕ್ಕೂ ಮುಂಚೆ ಒಂದು ಕೆಲಸ ಇವತ್ತೇ ಆಗಬೇಕು. ತಮ್ಮನ ಹತ್ತಿರ ಒಬ್ಬನೇ ಇರುವಾಗ ಕೂತು ನೇರವಾಗಿ ಕೇಳಿ: "ಬದುಕೇ ಬೇಡ ಅಂತ ಯಾವಾಗಾದ್ರೂ ಅನ್ನಿಸಿದೆಯಾ?" ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿದಂತಾಗುತ್ತದೆ. ಹೌದು ಅಂದರೆ ಗಾಬರಿಯಾಗಬೇಡಿ, ಬೈಯಬೇಡಿ, ದೇವರ ಮೇಲೆ ಆಣೆ ಹಾಕಿಸಬೇಡಿ. ಅವನನ್ನು ಒಬ್ಬನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಮಾತು. ನಮ್ಮ ಮಲೆನಾಡಿನ ಮನೆಗಳಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿಗಳು ಕೊಟ್ಟಿಗೆಯ ಮೂಲೆಯಲ್ಲಿ, ಜಗಲಿಯ ಬೆಂಚಿನ ಕೆಳಗೆ ಬಿದ್ದಿರುತ್ತವೆ. ಅವನು ಇಲ್ಲ ಅಂದರೂ ಸರಿ, ಅವನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ ಬೀಗ ಹಾಕಿಸಿ. ಬೀಗದ ಕೈ ಅಪ್ಪನ ಹತ್ತಿರ ಇರಲಿ. ಕೆಟ್ಟ ಯೋಚನೆ ಬಂದ ಆ ಹೊತ್ತು ಬಹಳ ಸಲ ಸಣ್ಣದಾಗಿರುತ್ತದೆ. ಆಗ ಕೈಗೆಟಕದಂತೆ ಇಟ್ಟ ಒಂದು ಬೀಗ ಜೀವ ಉಳಿಸುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು ಎಂದು ಸರ್ಕಾರದ ಅಪರಾಧ ದಾಖಲೆ ಬ್ಯೂರೋ ಹೇಳುತ್ತದೆ. ಅವರಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರು. ಆದರೆ ನನ್ನ ಕೋಣೆಯ ಹೊರಗೆ ಕಾಯುತ್ತ ಕೂತವರಲ್ಲಿ ಗಂಡಸರು ಯಾವಾಗಲೂ ಕಡಿಮೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗಂಡಸರ ಖಿನ್ನತೆ ಅಳುವಿನ ರೂಪದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಸಿಟ್ಟಾಗಿ ಬರುತ್ತದೆ. ಮಾತಿಗೆ ಮುಂಚೆ ರೇಗುವುದು, ತಟ್ಟೆ ಸರಿಸಿ ಎದ್ದುಹೋಗುವುದು. ಇಲ್ಲವೇ ಮೈಕೈ ನೋವು, ತಲೆನೋವು, ಗ್ಯಾಸ್ಟ್ರಿಕ್ ಅಂತ ಬರುತ್ತದೆ. ಸಂಜೆಯಾದರೆ ಕುಡಿತ. ಕೆಲವರಲ್ಲಿ ಬರೀ ಮೌನ. ಆ ಮೌನವನ್ನು ನಾವು ಸೊಕ್ಕು ಅಂತಲೋ, ಸೋಮಾರಿತನ ಅಂತಲೋ ಓದಿಕೊಳ್ಳುತ್ತೇವೆ.

ಹಾಗಾದರೆ ತಮ್ಮನದು ಸೋಮಾರಿತನವೋ, ಕಾಯಿಲೆಯೋ? ನೋಡದೆ ಹೇಳಲಾರೆ. ಆದರೆ ಒಂದು ಅಳತೆಗೋಲು ಇದೆ. ಸೋಮಾರಿಗೆ ಇಷ್ಟದ ಕೆಲಸದಲ್ಲಿ ಹುರುಪು ಇರುತ್ತದೆ. ಖಿನ್ನತೆ ಇರುವವನಿಗೆ ಇಷ್ಟದ್ದೂ ರುಚಿಸುವುದಿಲ್ಲ. ಮುಂಚೆ ಕ್ರಿಕೆಟ್ ಅಂದರೆ ಪ್ರಾಣ ಬಿಡುತ್ತಿದ್ದವನು ಈಗ ಗೆಳೆಯರು ಗೇಟಿನ ಹತ್ತಿರ ಬಂದು ಕರೆದರೂ ಇಳಿಯುವುದಿಲ್ಲವಾ? ಹೀಗೆ ಆಸಕ್ತಿ ಸತ್ತುಹೋಗಿರುವುದು, ನಿದ್ದೆ ಮತ್ತು ಊಟದ ಹೊತ್ತು ಕೆಟ್ಟಿರುವುದು, "ನಾನು ಯಾವುದಕ್ಕೂ ಬಾರದವನು" ಎಂಬ ಮಾತು ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ದಿನವಿಡೀ ಇದ್ದರೆ ತಜ್ಞರು ನೋಡಲೇಬೇಕು. ನಿಮ್ಮಲ್ಲಿ ಒಂದೂವರೆ ವರ್ಷ ಆಗಿದೆ. ಜೊತೆಗೆ ಥೈರಾಯ್ಡ್, ಬಿ12, ರಕ್ತಹೀನತೆಯ ಪರೀಕ್ಷೆಯೂ ಆಗಲಿ. ಇವುಗಳ ಏರುಪೇರಿನಿಂದಲೂ ಮನುಷ್ಯ ಹೀಗೆ ಕುಗ್ಗುತ್ತಾನೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. "ಮನಸ್ಸಿನ ಡಾಕ್ಟರ್ ಹತ್ತಿರ ಹೋಗೋಣ" ಅಂದರೆ ಬಾಗಿಲು ಹಾಕಿಕೊಳ್ಳುವ ಹುಡುಗ, "ನಿದ್ದೆ ಕೆಟ್ಟಿದೆಯಲ್ಲ, ಒಂದು ರಕ್ತ ಪರೀಕ್ಷೆ ಮಾಡಿಸೋಣ" ಅಂದರೆ ಹೊರಡುತ್ತಾನೆ. ಊರಿನ ಡಾಕ್ಟರೇ ಅಲ್ಲಿಂದ ಮುಂದಕ್ಕೆ ಕಳಿಸಬಹುದು.

ಸಾಲದ ಬಗ್ಗೆಯೂ ಮೆಲ್ಲಗೆ ವಿಚಾರಿಸಿ. ರಾತ್ರಿ ಮೂರರ ತನಕ ಮೊಬೈಲ್ ಅಂದಾಗ ನನಗೆ ಬರುವ ಮೊದಲ ಅನುಮಾನ ರೀಲ್ಸ್ ಅಲ್ಲ. ಬೆಟ್ಟಿಂಗ್ ಆಟ, ಅದನ್ನು ತುಂಬಿಸಲು ಸಾಲದ ಆಪ್, ಆ ಸಾಲ ತೀರಿಸಲು ಇನ್ನೊಂದು ಆಪ್. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಹಾಗೆ ಇಂಥ ಹೊರೆ ಹೊತ್ತ ಹುಡುಗರು ಬೇಕಾದಷ್ಟಿದ್ದಾರೆ. ನಿಮ್ಮ ತಮ್ಮನದು ಅದೇ ಅಂತ ನಾನು ಹೇಳುತ್ತಿಲ್ಲ. "ದುಡ್ಡಿನ ವಿಷಯ ಏನೇ ಇದ್ರೂ ಹೇಳು, ಮೊದಲು ನಾನೊಬ್ಬಳೇ ಕೇಳ್ತೀನಿ, ಬೈಯಲ್ಲ" ಎಂಬ ಒಂದು ಮಾತು ನಿಮ್ಮ ಕಡೆಯಿಂದ ಹೋಗಲಿ.

ಈಗ ಮನೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಂಡಿದ್ದು ಇದೇ.

ಒಂದು ಸುತ್ತು ನಡೆಯುತ್ತಿದೆ ನೋಡಿ. ಅಪ್ಪ ಗದರುತ್ತಾರೆ. ಮಗ ಮಹಡಿ ಹತ್ತುತ್ತಾನೆ. ಅಮ್ಮ ತಟ್ಟೆ ಹಿಡಿದು ಮೇಲೆ ಹೋಗುತ್ತಾಳೆ. "ನೀನೇ ಅವನನ್ನು ಹಾಳು ಮಾಡಿದ್ದು" ಅಂತ ಅಪ್ಪ ಅಮ್ಮನ ಮೇಲೆ ರೇಗುತ್ತಾರೆ. ಅದು ಮೇಲಿನ ಕೋಣೆಗೆ ಕೇಳಿಸುತ್ತದೆ. ತನ್ನಿಂದ ಅಮ್ಮನಿಗೆ ಬೈಗುಳ ಅಂತ ಮಗ ಇನ್ನಷ್ಟು ಒಳಗೆ ಹೋಗುತ್ತಾನೆ. ಅವನು ಒಳಗೆ ಹೋದಷ್ಟೂ ಅಪ್ಪನ ದನಿ ಏರುತ್ತದೆ. ಇಲ್ಲಿ ಯಾರೂ ಕೆಟ್ಟವರಿಲ್ಲ. ಪ್ರತಿಯೊಬ್ಬರೂ ಸರಿಮಾಡಲೆಂದೇ ಮಾಡುತ್ತಿದ್ದಾರೆ. 1960ರ ದಶಕದಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಕೆಲವು ಚಿಕಿತ್ಸಕರು ಇಂಥ ಮನೆಗಳನ್ನೇ ಗಮನಿಸುತ್ತ ಕೂತರು. ತೊಂದರೆ ಕಳೆಯಲೆಂದು ಮನೆಯವರು ಮತ್ತೆ ಮತ್ತೆ ಮಾಡುವ ಅದೇ ಉಪಾಯ ತೊಂದರೆಯನ್ನು ಉಳಿಸಿಕೊಂಡು ಹೋಗುತ್ತದೆ ಎಂದು ಅವರು ಕಂಡುಕೊಂಡರು. ಆ ಉಪಾಯವನ್ನು ನಿಲ್ಲಿಸಿ ಬೇರೇನಾದರೂ ಸಣ್ಣದನ್ನು ಮಾಡಿಸಿದರೆ ಸಾಕು, ಸುತ್ತು ಕಡಿಯುತ್ತದೆ ಎಂಬುದು ಅವರ ದಾರಿ. ಒಂದು ಕುಟುಂಬಕ್ಕೆ ಹತ್ತು ಭೇಟಿ, ಅದಕ್ಕಿಂತ ಜಾಸ್ತಿ ಇಲ್ಲ ಅಂತ ಮಿತಿ ಹಾಕಿಕೊಂಡಿದ್ದರು.

ಇದು ನಮ್ಮ ಕಡೆ ಹೇಗೆ ನಡೆಯುತ್ತದೆ ಅಂತ ಒಂದು ಮನೆಯ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರ ಮನೆ. ನಿಮ್ಮ ಹಾಗೆಯೇ ಮೇಲಿನ ಕೋಣೆಯ ಮಗ. ಮೊದಲು ಬಂದದ್ದು ತಾಯಿ ಒಬ್ಬರೇ. ನಾನು ಅವರಿಗೆ ಹೇಳಿದ್ದು ಇಷ್ಟೇ: ಒಂದು ವಾರ ಅಪ್ಪ ಮಗನ ಬಗ್ಗೆ ಆಡಿದ ಮಾತುಗಳನ್ನೆಲ್ಲ ಬರೆದಿಡಿ. ಒಳ್ಳೆಯದು ಕೆಟ್ಟದ್ದು ಅಂತ ಆರಿಸಬೇಡಿ. ಮುಂದಿನ ವಾರ ಅವರು ಆಳಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದಿದ್ದರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಇಪ್ಪತ್ಮೂರು ಮಾತುಗಳು. ನಾವಿಬ್ಬರೂ ಒಂದೊಂದೇ ಓದುತ್ತ ಹೋದೆವು. ಬೈಗುಳ ಇದ್ದವು, ಇಲ್ಲ ಅಂತಲ್ಲ. ಆದರೆ ಆರು ಸಲ ಒಂದೇ ಮಾತು ಇತ್ತು. "ಅವನು ಊಟ ಮಾಡಿದ್ನಾ?"

ಆರು ಸಲವೂ ಕೇಳಿದ್ದು ತಾಯಿಯನ್ನು. ಆರು ಸಲವೂ ಮಗ ಮೇಲೆ ಹೋದ ನಂತರ. ಆ ಪ್ರಶ್ನೆ ಮಹಡಿ ಮೆಟ್ಟಿಲು ಹತ್ತಲೇ ಇಲ್ಲ. ಹತ್ತಿದ್ದು ಬೈಗುಳ ಮಾತ್ರ, ಅದು ಜೋರಾಗಿತ್ತಲ್ಲ. ತಾಯಿ ಆ ಹಾಳೆ ಹಿಡಿದುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ.

ಅವರಿಗೆ ಕೊಟ್ಟ ಕೆಲಸ ಒಂದೇ ಒಂದು. ಮುಂದಿನ ಸಲ ಹಾಗೆ ಕೇಳಿದಾಗ "ಗೊತ್ತಿಲ್ಲ, ಅವನನ್ನೇ ಕೇಳಿ" ಅನ್ನಬೇಕು. ಅಷ್ಟೇ. ಮೊದಲ ದಿನ ಅಪ್ಪ ಗೊಣಗಿ ಸುಮ್ಮನಾದರು. ಮೂರನೇ ದಿನ ಮೆಟ್ಟಿಲ ಕೆಳಗೆ ನಿಂತು "ಊಟ ಆಯ್ತೇನೋ?" ಅಂತ ಕೂಗಿದರು. ಮೇಲಿನಿಂದ "ಹ್ಞೂಂ" ಅಂತ ಬಂತು. ಎಂಟು ತಿಂಗಳಲ್ಲಿ ಅಪ್ಪ ಮಗನ ನಡುವೆ ಜಗಳವಿಲ್ಲದೆ ನಡೆದ ಮೊದಲ ಮಾತು ಅದು.

ಆ ಅಪ್ಪ ನನ್ನ ಹತ್ತಿರ ಬಂದದ್ದು ಇನ್ನೂ ಒಂದು ತಿಂಗಳ ಮೇಲೆ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಎರಡನೇ ಸಲ ಹೊಡೆಸುವ ದಿನಗಳು. ಮಳೆ ಬಿಡುವು ಕೊಟ್ಟ ಮಧ್ಯಾಹ್ನ ಹಾಗೇ ಹೊರಟು ಬಂದಿದ್ದರು. ಬೆರಳ ಸಂದಿಯಲ್ಲಿ ಮೈಲುತುತ್ತದ ನೀಲಿ ಇನ್ನೂ ಉಳಿದಿತ್ತು. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತರು. ಕಾಲು ಗಂಟೆ ಅಡಿಕೆ ಧಾರಣೆ ಮಾತಾಡಿದೆವು. ಆಮೇಲೆ ಅವರೇ ಹೇಳಿದರು: "ಕೊಳೆ ಬಂದ್ರೆ ಬೋರ್ಡೋ ಹೊಡೀತೀವಿ. ಎಲೆಚುಕ್ಕಿಗೆ ಏನು ಮಾಡ್ಬೇಕು ಅಂತ ಇರುವಕ್ಕಿ ಕೃಷಿ ಯೂನಿವರ್ಸಿಟಿಯವರನ್ನ ಕೇಳ್ತೀವಿ. ಇವನಿಗೇನು ಮಾಡ್ಬೇಕು ಅಂತ ಯಾರನ್ನ ಕೇಳ್ಲಿ ಹೇಳಿ."

ನಿಮ್ಮ ಅಪ್ಪನ ಸಿಟ್ಟಿನ ಕೆಳಗೂ ಇಂಥದ್ದೇ ಹೆದರಿಕೆ ಇರಬಹುದು. ಅರವತ್ತು ದಾಟಿದ ಮೇಲೆ ತೋಟ ಯಾರು ನೋಡಬೇಕು? ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರು ಸಿಗುತ್ತಿಲ್ಲ. ಎಲೆಚುಕ್ಕಿ ರೋಗ ಬಂದ ತೋಟಗಳನ್ನು ನೋಡಿದರೆ ಎಂಥವರ ಎದೆಯೂ ಝಲ್ಲೆನ್ನುತ್ತದೆ. ತೋಟದ ಮನೆಯ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಪ್ರತಿ ಮದುವೆ ಮನೆಯಲ್ಲೂ ಕೇಳಿಬರುತ್ತದೆ. ಈ ಹೆದರಿಕೆಗಳನ್ನೆಲ್ಲ ಅವರು ಒಂದೇ ಮಾತಿನಲ್ಲಿ ಹೇಳುತ್ತಾರೆ: "ತೋಟಕ್ಕಿಳಿ." ಮಗನಿಗೆ ಅದು ಬೇರೆ ಥರ ಕೇಳಿಸುತ್ತದೆ: "ನೀನು ಸೋತು ಬಂದವನು." ಅವನು ಊರಿಗೆ ಬಂದ ದಿನದಿಂದ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ "ಎಷ್ಟು ದಿನ ರಜೆ?" ಅಂತ ಕೇಳಿದವರಿಗೆಲ್ಲ ಸುಳ್ಳು ಹೇಳಿ ಸಾಕಾಗಿ ಒಳಗೆ ಕೂತಿರಬಹುದು. ಸಣ್ಣ ಊರು ಪ್ರೀತಿಯಿಂದಲೇ ಕೇಳುತ್ತದೆ. ಕೇಳಿಸಿಕೊಂಡವನಿಗೆ ಮಾತ್ರ ಉರಿಯುತ್ತದೆ.

ಹಾಗಾಗಿ ಅಪ್ಪನನ್ನು ಕರೆಯುವಾಗ "ನಿಮ್ಮಿಂದ ಹೀಗಾಯ್ತು, ಬನ್ನಿ" ಎಂಬ ದನಿ ಬೇಡವೇ ಬೇಡ. "ಅವನ ವಿಷಯ ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ ಅಪ್ಪ, ಡಾಕ್ಟರಿಗೆ ನಿಮ್ಮಿಂದ ತಿಳ್ಕೋಬೇಕಂತೆ" ಅನ್ನಿ. ಇದು ಸುಳ್ಳಲ್ಲ. ನಮಗೆ ನಿಜಕ್ಕೂ ಅವರ ಸಹಾಯ ಬೇಕು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಗುಡಾರ ಹಾಕಿ ಜೊತೆಗಿರಿಸಿಕೊಂಡರು. ಮನೆಯವರು ಹತ್ತಿರವಿದ್ದು ನೋಡಿಕೊಂಡಾಗ ರೋಗಿಗಳು ಚೆನ್ನಾಗಿ ಸುಧಾರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಮನೆಯವರನ್ನು ಸೇರಿಸಿಕೊಳ್ಳುವುದು ನಮ್ಮ ದೇಶದಲ್ಲಿ ಹೀಗೆ ಬಹಳ ಹಿಂದಿನಿಂದ ಬಂದ ಪದ್ಧತಿ.

ತಮ್ಮನಿಗೆ ನೀವೇನು ಹೇಳಬೇಕು? ಉಪದೇಶ ಬೇಡ, ಪಕ್ಕದ ಮನೆಯ ಹುಡುಗನ ಸಂಬಳದ ಮಾತು ಬೇಡ. "ನಂಗೇ ಈ ಮನೆಯ ಚಿಂತೆ ಜಾಸ್ತಿ ಆಗಿದೆ, ನಾನು ಒಬ್ಬರ ಹತ್ರ ಮಾತಾಡೋಕೆ ಹೋಗ್ತಿದ್ದೀನಿ" ಅಂತ ಹೇಳಿ ಹೋಗಿಬನ್ನಿ. ಬಂದ ಮೇಲೆ ಏನಾಯಿತು ಅಂತ ನಿಮಗೆ ಇಷ್ಟವಿದ್ದಷ್ಟು ಹೇಳಿ. ಅವನನ್ನು ಕರೆಯಬೇಡಿ. ಎರಡು ಮೂರು ಸಲ ಹೀಗಾದ ಮೇಲೆ "ನನ್ನ ಬಗ್ಗೆ ಏನು ಹೇಳ್ತೀಯ ಅಲ್ಲಿ?" ಅಂತ ಅವನೇ ಕೇಳುವ ಸಾಧ್ಯತೆ ಜಾಸ್ತಿ. ಆಗ "ಬಂದು ನೀನೇ ಹೇಳ್ಬಹುದಲ್ವಾ, ಒಂದ್ಸಲ" ಅನ್ನಿ. ಒಂದು ಸಲ ಅಂತಲೇ ಹೇಳಿ. ವರ್ಷಗಟ್ಟಲೆ ಹೋಗಬೇಕು ಎಂಬ ಭಯದಲ್ಲೇ ಗಂಡು ಹುಡುಗರು ಹಿಂದೇಟು ಹಾಕುತ್ತಾರೆ.

ಬಂದ ಮೇಲೆ ಏನಾಗುತ್ತದೆ ಎಂದೂ ಅವನಿಗೆ ಗೊತ್ತಿರಲಿ. ಒಂದು ಭೇಟಿ ಮುಕ್ಕಾಲು ಗಂಟೆಯಿಂದ ಐವತ್ತು ನಿಮಿಷ. ಹೆಚ್ಚಾಗಿ ವಾರಕ್ಕೊಮ್ಮೆ. ಅವನು ಹೇಳಿದ್ದನ್ನು ಅಪ್ಪನಿಗಾಗಲಿ ನಿಮಗಾಗಲಿ ನಾವು ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅದು ಅವನ ಹಕ್ಕು. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಮನೆಯವರಿಗೆ ತಿಳಿಸುತ್ತೇವೆ, ಅದನ್ನೂ ಮೊದಲ ದಿನವೇ ಅವನಿಗೆ ಹೇಳಿರುತ್ತೇವೆ. ಮನೋವೈದ್ಯರು ಮಾತ್ರೆ ಬರೆಯುತ್ತಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಕೆಲವರಿಗೆ ಒಂದು ಸಾಕು, ಕೆಲವರಿಗೆ ಎರಡೂ ಬೇಕು. ಮಾತ್ರೆ ಶುರುಮಾಡಿದರೆ ಕೆಲಸ ಕಾಣಿಸಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಖಿನ್ನತೆಯ ಮಾತ್ರೆ ಮದ್ಯದ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ಹುಷಾರಾಯಿತು ಅಂತ ತಾವೇ ದಿಢೀರನೆ ನಿಲ್ಲಿಸಬಾರದು.

ಮಾತಿನ ಚಿಕಿತ್ಸೆ ಅಂದರೆ ಬರೀ ಮಾತಲ್ಲ. "ಮನಸ್ಸು ಬಂದಾಗ ಮಾಡ್ತೀನಿ" ಅಂತ ಖಿನ್ನತೆ ಇರುವವರು ಕಾಯುತ್ತಾರೆ. ಆ ಮನಸ್ಸು ಬರುವುದೇ ಇಲ್ಲ. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಕ್ರಮವನ್ನು ತಿರುಗಿಸುವ ಚಿಕಿತ್ಸೆ ರೂಪಿಸಿದರು. ಮೊದಲು ಸಣ್ಣ ಕೆಲಸ, ಹಿಂದಿನಿಂದ ಮನಸ್ಸು. ಹೊಸನಗರದ ಆ ಹುಡುಗ ಆರಿಸಿಕೊಂಡ ಮೊದಲ ಕೆಲಸ ಬಚ್ಚಲ ಒಲೆಗೆ ಬೆಂಕಿ ಹಾಕುವುದು. ದಿನಾ ಬೆಳಿಗ್ಗೆ ಎಂಟಕ್ಕೆ. ಹಿಂದಿನ ರಾತ್ರಿಯೇ ಒಣಗಿದ ಸೋಗೆ, ಅಡಿಕೆ ಸಿಪ್ಪೆ ಒಲೆಯ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ. ಎಂಟಕ್ಕೆ ಏಳಬೇಕಾದ್ದರಿಂದ ರಾತ್ರಿ ಒಂದಕ್ಕೆ ಮೊಬೈಲ್ ಕೆಳಗಿಟ್ಟ. ಮೊದಲ ವಾರ ಏಳರಲ್ಲಿ ಮೂರು ದಿನ ಆಯಿತು. ಮೂರು ದಿನ ಸಾಕು ಅಂದೆ. ಹೆಚ್ಚು ಹೊಗಳಬೇಡಿ ಅಂತ ಮನೆಯವರಿಗೂ ಹೇಳಿದ್ದೆ, ಯಾಕೆಂದರೆ ಹೊಗಳಿಕೆಯೂ ಅವನಿಗೆ ಪರೀಕ್ಷೆಯಂತೆ ಭಾರವಾಗುತ್ತಿತ್ತು. ಅಪ್ಪ ಸ್ನಾನ ಮುಗಿಸಿ ಬಂದು "ನೀರು ಚೆನ್ನಾಗಿ ಕಾದಿತ್ತು" ಅಂದರಂತೆ. ಅವನು ಅದನ್ನು ನನಗೆ ಹೇಳುವಾಗ ನೆಲ ನೋಡುತ್ತಿದ್ದ, ಆದರೆ ಕಿವಿ ಕೆಂಪಾಗಿತ್ತು.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ದಾರಿಗಳು ಹಲವು. ನೀವಿರುವ ಶಿವಮೊಗ್ಗದಲ್ಲೇ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋವೈದ್ಯ ಡಾ. ಅಶೋಕ್ ಪೈ ಅವರು ದಶಕಗಳ ಕಾಲ ಈ ಊರಿನಲ್ಲಿದ್ದು, ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದು, ಮಾತಾಡಿ ಜನರ ಅಂಜಿಕೆಯನ್ನು ಎಷ್ಟೋ ಕಡಿಮೆ ಮಾಡಿದ್ದರಿಂದ ಇಲ್ಲಿ ಖಾಸಗಿ ಚಿಕಿತ್ಸೆಗೂ ಕೊರತೆಯಿಲ್ಲ. ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗುವುದಾದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಅಂತ ಕೇಳಿ. ಕೇಳಲು ಸಂಕೋಚ ಬೇಡ. ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಯಾವ ದಿನ ಬರುತ್ತದೆ ಎಂದು ಅಲ್ಲಿ ವಿಚಾರಿಸಿ, ಅಪ್ಪನಿಗೆ ಅದೇ ಹತ್ತಿರ. 14416ರಲ್ಲಿ ಅಮ್ಮ ಕೂಡ ಮಾತಾಡಬಹುದು. ತಮ್ಮ ವಿಡಿಯೋದಲ್ಲಿ ಮಾತಾಡಲು ಒಪ್ಪಿದರೆ ಅದೂ ಆಗಬಹುದು, ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನೆಚ್ಚುವಂತಿಲ್ಲ. ಮಾತು ಒಳ್ಳೆ ಜಾಗಕ್ಕೆ ಬಂದಾಗ ಲೈನ್ ಕಡಿದರೆ ಬಹಳ ನೋವಾಗುತ್ತದೆ. ಸಾಧ್ಯವಿದ್ದಷ್ಟು ಎದುರು ಕೂತೇ ಮಾತಾಡಲಿ.

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿದಾಗ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಿಮ್ಮ ಊರಿನ ರಸ್ತೆಯಲ್ಲಿ ಇಪ್ಪತ್ತು ಮನೆ ಇದ್ದರೆ ಲೆಕ್ಕ ಹಾಕಿ. ನಿಮ್ಮ ಮನೆಯೊಂದರಲ್ಲೇ ಹೀಗೆ ಅಂತ ಅಮ್ಮ ಅಂದುಕೊಂಡಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ಇವತ್ತೇ ಊರಿಗೆ ಹೊರಡಿ. ಮೊದಲು ಕಳೆನಾಶಕ, ಕೀಟನಾಶಕದ ಡಬ್ಬಿಗಳ ಬೀಗದ ಕೆಲಸ, ಆಮೇಲೆ ತಮ್ಮನ ಹತ್ತಿರ ಬದುಕೇ ಬೇಡ ಅನ್ನಿಸಿದೆಯಾ ಎಂಬ ಆ ಪ್ರಶ್ನೆ. ಊರಿನಿಂದ ಹೊರಡುವ ಮುಂಚೆ ಅಮ್ಮನಿಗೆ ಒಂದು ಹಾಳೆ, ಪೆನ್ಸಿಲ್ ಕೊಡಿ. ಅಪ್ಪ ತಮ್ಮನ ಬಗ್ಗೆ ಏನೇನು ಕೇಳುತ್ತಾರೆ, ಯಾವಾಗ ಕೇಳುತ್ತಾರೆ, ಒಂದು ವಾರ ಬರೆದಿಡಲಿ. ಯಾರಿಗೂ ತೋರಿಸುವುದು ಬೇಡ. ಮುಂದಿನ ವಾರ ಅಮ್ಮ ಬೆಳಗಿನ ಬಸ್ಸು ಹತ್ತಿ ಬರಲಿ, ನೀವು ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಬನ್ನಿ. ಮಳೆ ಇದ್ದರೆ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಲು ಹೇಳಿ.